ಬ್ರೇಕ್ ಇಲ್ಲದ ಗಾಡಿ: ಆನ್‌ಲೈನ್ ಜೂಜಿನ ಲೆಕ್ಕ



ಮೊಬೈಲಿನಲ್ಲಿ ಹಾಡು ಕೇಳುವಾಗ, ಕ್ರಿಕೆಟ್ ನೋಡುವಾಗ ನಡುವೆ ಜಾಹೀರಾತು ಬರುತ್ತದೆ. ಚಕ್ರ ತಿರುಗುತ್ತದೆ, ನಾಣ್ಯಗಳು ಸುರಿಯುತ್ತವೆ, ಯಾರೋ ಒಬ್ಬರು ಕುಣಿಯುತ್ತಾರೆ. ಇವು ಆನ್‌ಲೈನ್ ಕ್ಯಾಸಿನೊಗಳು, ಅಂದರೆ ಫೋನಿನೊಳಗಿನ ಜೂಜುಕಟ್ಟೆಗಳು. ಇವುಗಳ ಹಿಂದೆ ಎರಡು ವಿಜ್ಞಾನಗಳು ಕೆಲಸ ಮಾಡುತ್ತವೆ: ಒಂದು ಗಣಿತ, ಇನ್ನೊಂದು ಮನಶ್ಶಾಸ್ತ್ರ. ಇವೆರಡನ್ನೂ ಅರ್ಥ ಮಾಡಿಕೊಂಡರೆ, ಜೂಜಿಗೆ ಯಾವ ತಡೆ ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಅನ್ನುವುದೂ ತಿಳಿಯುತ್ತದೆ.

ಮಾಡಿ ನೋಡಿ: ದಾಳ ಮತ್ತು ಹುಣಿಸೆ ಬೀಜ

ಮೊದಲು ತರಗತಿಯಲ್ಲಿ ಒಂದು ಪ್ರಯೋಗ. ಬೇಕಾದದ್ದು ಕೆಲವು ದಾಳಗಳು ಮತ್ತು ಒಂದು ಚೀಲ ಹುಣಿಸೆ ಬೀಜ. ದುಡ್ಡು ಬೇಡವೇ ಬೇಡ.

ಒಬ್ಬರು ಅಂಗಡಿಯವರಾಗಿ. ಉಳಿದ ಪ್ರತಿಯೊಬ್ಬರ ಕೈಯಲ್ಲಿ 30 ಬೀಜ ಇರಲಿ. ನಿಮ್ಮ ಸರದಿ ಬಂದಾಗ ಒಂದು ಬೀಜ ಕೊಟ್ಟು, 1ರಿಂದ 6ರೊಳಗಿನ ಒಂದು ಸಂಖ್ಯೆ ಹೇಳಿ. ದಾಳ ಉರುಳಿಸಿ. ನೀವು ಹೇಳಿದ ಸಂಖ್ಯೆ ಬಿದ್ದರೆ ಅಂಗಡಿಯವರು ನಿಮಗೆ 5 ಬೀಜ ಕೊಡಬೇಕು. ಬೀಳದಿದ್ದರೆ ನೀವು ಕೊಟ್ಟ ಬೀಜ ಅಂಗಡಿಗೆ. ಪ್ರತಿಯೊಬ್ಬರೂ 30 ಸಲ ಆಡಿ, ಕೊನೆಗೆ ಕೈಯಲ್ಲಿ ಎಷ್ಟು ಉಳಿಯಿತು ಅಂತ ಕರಿಹಲಗೆಯ ಮೇಲೆ ಬರೆಯಿರಿ.

ಈಗ ಲೆಕ್ಕ. ನೀವು ಹೇಳಿದ ಸಂಖ್ಯೆ ಬೀಳುವ ಸಂಭವನೀಯತೆ 1/6. ಅಂದರೆ ಸರಾಸರಿ ಆರು ಸಲಕ್ಕೆ ಒಂದು ಗೆಲುವು. ಆರು ಸಲಕ್ಕೆ ಕೊಟ್ಟದ್ದು 6 ಬೀಜ, ಬಂದದ್ದು 5. ಮೂವತ್ತು ಸಲಕ್ಕೆ ಕೊಟ್ಟದ್ದು 30, ಬಂದದ್ದು 25. ತರಗತಿಯಲ್ಲಿ 40 ಜನ ಆಡಿದರೆ ಒಟ್ಟು 1200 ಸಲ ದಾಳ ಉರುಳುತ್ತದೆ, ಅಂಗಡಿಗೆ ಸರಾಸರಿ 200 ಬೀಜ ಲಾಭ. ಸರಿಯಾಗಿ 200 ಆಗಲಿಕ್ಕಿಲ್ಲ. 150 ಆದೀತು, 260 ಆದೀತು. ಆದರೆ ಅಂಗಡಿ ಸೋಲುವುದು ಬಹಳ ಅಪರೂಪ.

ಕರಿಹಲಗೆಯನ್ನು ಇನ್ನೊಮ್ಮೆ ನೋಡಿ. 40 ಜನರಲ್ಲಿ ಸುಮಾರು ಒಂಬತ್ತು ಮಂದಿಯ ಕೈಯಲ್ಲಿ 30ಕ್ಕಿಂತ ಹೆಚ್ಚು ಬೀಜ ಇರುವ ಸಾಧ್ಯತೆ ಇದೆ. ಒಬ್ಬಿಬ್ಬರ ಹತ್ತಿರ 45 ಇದ್ದರೂ ಇರಬಹುದು. ಮನೆಗೆ ಹೋಗುವಾಗ ಯಾರ ಮಾತು ಜೋರಾಗಿರುತ್ತದೆ? ಗೆದ್ದವರದ್ದೇ. ಸೋತವರು ಸುಮ್ಮನಿರುತ್ತಾರೆ. ಊರಲ್ಲೂ ಹಾಗೆಯೇ. ಗೆದ್ದ ಒಬ್ಬನ ಕಥೆ ಚಹಾ ಅಂಗಡಿಯಲ್ಲಿ ಹತ್ತು ಸಲ ಕೇಳಿಬರುತ್ತದೆ, ಸೋತ ಹತ್ತು ಜನರ ಕಥೆ ಮನೆಯ ಬಾಗಿಲು ದಾಟುವುದಿಲ್ಲ. ನಾವು ಕೇಳುವ ಕಥೆಗಳಿಂದ ಗೆಲುವಿನ ಅಂದಾಜು ಮಾಡಿದರೆ ಲೆಕ್ಕ ತಪ್ಪುವುದು ಖಂಡಿತ.

ನೂರಕ್ಕೆ 96 ಮರಳಿ ಬಂದರೆ ನಷ್ಟ ಏನು?

ನಮ್ಮ ದಾಳದ ಅಂಗಡಿ ಬಹಳ ದುರಾಸೆಯದು. ನಿಜವಾದ ಕ್ಯಾಸಿನೊ ಇಷ್ಟು ಕಿತ್ತುಕೊಳ್ಳುವುದಿಲ್ಲ. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ: 18 ಕೆಂಪು, 18 ಕಪ್ಪು, ಒಂದು ಹಸಿರು ಬಣ್ಣದ ಸೊನ್ನೆ. ಕೆಂಪಿನ ಮೇಲೆ ₹10 ಕಟ್ಟಿ ಗೆದ್ದರೆ ₹20 ಬರುತ್ತದೆ. ಕೆಂಪು, ಕಪ್ಪು ಎರಡೇ ಇದ್ದಿದ್ದರೆ ಆಟ ಸಮ. ಆ ಒಂದು ಸೊನ್ನೆಯಿಂದ ಗೆಲ್ಲುವ ಸಂಭವನೀಯತೆ 18/37ಕ್ಕೆ ಇಳಿಯುತ್ತದೆ. ಕಟ್ಟಿದ ಪ್ರತಿ ₹100ರಲ್ಲಿ ಸರಾಸರಿ ₹2.70 ಕ್ಯಾಸಿನೊ ಪಾಲು.

ಗುಂಡಿ ಒತ್ತಿದರೆ ಚಿತ್ರಗಳು ತಿರುಗುವ ಸ್ಲಾಟ್ ಆಟಗಳಲ್ಲಿ ‘ಆಟಗಾರರಿಗೆ 96% ಮರಳುತ್ತದೆ’ ಅಂತ ಬರೆದಿರುವುದುಂಟು. ನೂರು ರೂಪಾಯಿಗೆ ನಾಲ್ಕೇ ರೂಪಾಯಿ ತಾನೆ ಹೋಗುವುದು, ಸಿನಿಮಾ ಟಿಕೇಟಿಗಿಂತ ಅಗ್ಗ ಅಂತ ಅನ್ನಿಸುತ್ತದೆ. ಆದರೆ ಯಾರೂ ಒಂದು ಸಲ ಆಡಿ ಎದ್ದು ಹೋಗುವುದಿಲ್ಲ. ಮರಳಿ ಬಂದ 96ನ್ನು ಮತ್ತೆ ಕಟ್ಟುತ್ತಾರೆ. ಆಗ ಸರಾಸರಿ ಉಳಿಯುವುದು 0.96 × 96 = 92.16. ಹೀಗೆ ಪೂರ್ತಿ ಹಣವನ್ನು 17 ಸಲ ಕಟ್ಟಿದರೆ 0.96ರ 17ನೇ ಘಾತ, ಅಂದರೆ ಸುಮಾರು 0.50. ನೂರು ಐವತ್ತಾಯಿತು! 50 ಸಲ ಕಟ್ಟಿದರೆ ಉಳಿಯುವುದು ಸರಾಸರಿ ₹13. ಚಕ್ರಬಡ್ಡಿಯ ಪಾಠ ಓದಿದ್ದೀರಲ್ಲ, ಇದು ಅದೇ ಲೆಕ್ಕ, ದಿಕ್ಕು ಮಾತ್ರ ಉಲ್ಟಾ.

ಇಲ್ಲಿ ವೇಗ ಬಹಳ ಮುಖ್ಯ. ಎರಡೂವರೆ ಸೆಕೆಂಡಿಗೆ ಒಂದು ಸಲ ಗುಂಡಿ ಒತ್ತಿದರೆ ಒಂದು ಗಂಟೆಗೆ 1440 ಆಟ. ಪ್ರತಿ ಸಲ ₹10 ಅಂದರೆ ಒಂದು ಗಂಟೆಯಲ್ಲಿ ಕೈಬದಲಾದ ಹಣ ₹14,400. ಅದರ 4% ಅಂದರೆ ₹576. ಪೇಟೆಯಲ್ಲಿ ಕೊಳ್ಳುವ ಕಾಗದದ ಲಾಟರಿಯಲ್ಲಿ ಫಲಿತಾಂಶಕ್ಕೆ ಕಾಯಲೇಬೇಕು. ಫೋನಿನ ಜೂಜಿನಲ್ಲಿ ಕಾಯುವುದೇ ಇಲ್ಲ. ಹತ್ತು ರೂಪಾಯಿಯ ಆಟ ನೂರರದ್ದಾಗಿ, ಸಾವಿರದ್ದಾಗುವುದಕ್ಕೂ ಹೆಚ್ಚು ಹೊತ್ತು ಬೇಡ.

‘ಈಗ ಬಂದೇ ಬರುತ್ತದೆ’ ಅನ್ನುವ ತಪ್ಪು

1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ ಕಪ್ಪು ಸತತ 26 ಸಲ ಬಂತು. ‘ಇಷ್ಟು ಸಲ ಕಪ್ಪು ಬಂತಲ್ಲ, ಈಗ ಕೆಂಪು ಬರಲೇಬೇಕು’ ಅಂತ ಜನ ಕೆಂಪಿನ ಮೇಲೆ ಹಣ ಸುರಿದು ಸೋತರು. ಚಕ್ರಕ್ಕೆ ನೆನಪಿಲ್ಲ. ಹಿಂದಿನ ಸಲ ಏನು ಬಂತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಪ್ರತಿ ಸಲವೂ ಹೊಸ ಆಟ, ಅದೇ 18/37. ಗಣಿತದಲ್ಲಿ ಇವನ್ನು ಸ್ವತಂತ್ರ ಘಟನೆಗಳು ಅನ್ನುತ್ತೇವೆ.

ಇನ್ನೊಂದು ‘ಉಪಾಯ’ ಕೆಲವರು ಹೇಳಿಕೊಡುತ್ತಾರೆ: ಸೋತರೆ ಮುಂದಿನ ಸಲ ಎರಡು ಪಟ್ಟು ಕಟ್ಟು, ಒಮ್ಮೆ ಗೆದ್ದರೆ ಹಿಂದಿನದೆಲ್ಲ ವಸೂಲು. ₹10, 20, 40, 80 ಹೀಗೆ ಹೋಗಿ. ಹತ್ತು ಸಲ ಸತತ ಸೋತರೆ ಒಟ್ಟು ಹೋದದ್ದು ₹10,230, ಹನ್ನೊಂದನೆಯ ಸಲಕ್ಕೆ ಬೇಕಾದದ್ದು ₹10,240. ಅಷ್ಟೆಲ್ಲ ಮಾಡಿ ಗೆದ್ದರೆ ಬರುವ ನಿವ್ವಳ ಲಾಭ ಎಷ್ಟು? ಬರೀ ಹತ್ತು ರೂಪಾಯಿ! ಸತತ ಹತ್ತು ಸೋಲಿನ ಸಂಭವನೀಯತೆ ಸುಮಾರು 800ಕ್ಕೆ ಒಂದು. ಕಡಿಮೆ ಅಂತ ಕಾಣುತ್ತದೆ, ಆದರೆ ದಿನಕ್ಕೆ ನೂರಾರು ಸಲ ಆಡುವವರಿಗೆ ಆ ದಿನ ಬೇಗನೆ ಬರುತ್ತದೆ.

ಲೆಕ್ಕ ಗೊತ್ತಿದ್ದರೂ ಯಾಕೆ ಬಿಡಲಾಗುವುದಿಲ್ಲ?

ಜೂಜಿಗೆ ಬಿದ್ದವರಲ್ಲಿ ಲೆಕ್ಕ ಚೆನ್ನಾಗಿ ಬಲ್ಲವರೂ ಇದ್ದಾರೆ. ಹಾಗಾಗಿ ‘ದಡ್ಡರು ಮಾತ್ರ ಆಡುತ್ತಾರೆ’ ಅನ್ನುವುದು ಸರಿಯಲ್ಲ. ಇಲ್ಲಿ ಎರಡನೆಯ ವಿಜ್ಞಾನ ಬರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಒಂದು ಗುಂಡಿಯನ್ನು ಕೊಕ್ಕಿನಿಂದ ಕುಕ್ಕಿದರೆ ಕಾಳು ಸಿಗುತ್ತದೆ. ಇಂತಿಷ್ಟು ಸಲಕ್ಕೆ ಒಮ್ಮೆ ಕಾಳು ಅಂತ ನಿಗದಿ ಇದ್ದರೆ ಪಾರಿವಾಳ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತಿತ್ತು. ಆದರೆ ಕಾಳು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದ ಹಾಗೆ ಮಾಡಿದಾಗ, ಅಂದರೆ ಒಮ್ಮೆ ಮೂರನೆಯ ಕುಕ್ಕಿಗೆ, ಒಮ್ಮೆ ಐವತ್ತನೆಯದಕ್ಕೆ ಕೊಟ್ಟಾಗ, ಬಿಡುವಿಲ್ಲದೆ ಕುಕ್ಕುತ್ತಿತ್ತು. ಕಾಳು ಕೊಡುವುದನ್ನು ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಜೂಜಿನ ಗುಂಡಿ ಒತ್ತುವ ಬೆರಳಿನದೂ ಇದೇ ಕಥೆ.

ನಮ್ಮ ಮೆದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಇದೆ. ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸಿಕ್ಕಾಗ ಅದು ಜಾಸ್ತಿ ಹೊಮ್ಮುತ್ತದೆ. ‘ಇದನ್ನು ನೆನಪಿಡು, ಮತ್ತೆ ಮಾಡು’ ಅಂತ ಮೆದುಳಿಗೆ ಹೇಳುವ ಸಂಕೇತ ಅದು. ಅನಿರೀಕ್ಷಿತವಾಗಿ ಬರುವ ಗೆಲುವು ಈ ಸಂಕೇತವನ್ನು ಚೆನ್ನಾಗಿ ಎಬ್ಬಿಸುತ್ತದೆ. ಇನ್ನೂ ಆಶ್ಚರ್ಯದ ಸಂಗತಿ ಇದೆ. ಮೂರು ಚಿತ್ರ ಒಂದೇ ಆಗಬೇಕಿದ್ದಲ್ಲಿ ಎರಡು ಆಗಿ, ಮೂರನೆಯದು ಕೂದಲೆಳೆಯಲ್ಲಿ ತಪ್ಪಿತು ಅನ್ನಿ. ಲೆಕ್ಕದಲ್ಲಿ ಅದು ಪೂರ್ತಿ ಸೋಲು. ಆದರೆ 2009ರಲ್ಲಿ ಪ್ರಕಟವಾದ ಕೇಂಬ್ರಿಜ್ ವಿಜ್ಞಾನಿಗಳ ಅಧ್ಯಯನದಲ್ಲಿ, ಇಂಥ ‘ಇನ್ನೇನು ಗೆದ್ದೆ’ ಅನ್ನುವ ಸೋಲಿಗೂ ಮೆದುಳಿನಲ್ಲಿ ಗೆಲುವಿಗೆ ಸ್ಪಂದಿಸುವ ಭಾಗಗಳೇ ಸ್ಪಂದಿಸಿದ್ದು ಕಂಡುಬಂತು. ಇನ್ನೂ ಆಡಬೇಕು ಅನ್ನುವ ಆಸೆಯೂ ಹೆಚ್ಚಾಗಿತ್ತು. ಮತ್ತೊಂದು ಜಾಣತನ: ₹10 ಕಟ್ಟಿಸಿಕೊಂಡು ₹4 ಮರಳಿಸಿ, ದೀಪ ಮಿನುಗಿಸಿ, ಸಂಗೀತ ಬಾರಿಸುವುದು. ಹೋದದ್ದು ಆರು ರೂಪಾಯಿ, ಕಿವಿಗೆ ಕೇಳಿದ್ದು ಗೆಲುವಿನ ಸದ್ದು.

ಕೊನೆಯದಾಗಿ, ಸೋತದ್ದನ್ನು ವಸೂಲು ಮಾಡುವ ಹಟ. ಇದು ನಮಗೆ ಹೊಸದೇನಲ್ಲ. ತಾಳಮದ್ದಲೆಯಲ್ಲೋ ಬಯಲಾಟದಲ್ಲೋ ದ್ಯೂತದ ಪ್ರಸಂಗ ನೋಡಿದ್ದೀರಿ. ಧರ್ಮರಾಯ ಸಂಪತ್ತು ಸೋತ, ರಾಜ್ಯ ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ಕೊನೆಗೆ ದ್ರೌಪದಿಯನ್ನು ಪಣಕ್ಕಿಟ್ಟ. ಎಲ್ಲ ಮರಳಿ ಸಿಕ್ಕ ಮೇಲೂ ಎರಡನೆಯ ಸಲ ಕರೆದಾಗ ಮತ್ತೆ ಹೋಗಿ ಕುಳಿತ. ಧರ್ಮಜ್ಞನೆನಿಸಿದವನ ಗತಿಯೇ ಹೀಗಾಯಿತು.

ಈ ಅಂಟು ಮಿತಿಮೀರಿದಾಗ ವೈದ್ಯರು ಅದನ್ನು ಕಾಯಿಲೆ ಎಂದೇ ಪರಿಗಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಿಂದ ಜೂಜಿನ ಚಟವನ್ನು ಮದ್ಯ, ಮಾದಕ ವಸ್ತುಗಳ ಚಟದ ಅಧ್ಯಾಯದಲ್ಲೇ ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಇದು ಇದೆ. ಕಾಯಿಲೆ ಅಂದಮೇಲೆ ಅದಕ್ಕೆ ಚಿಕಿತ್ಸೆಯೂ ಉಂಟು.

ಬ್ರೇಕ್‌ಗಳು ಹೇಗೆ ಕೆಲಸ ಮಾಡುತ್ತವೆ?

ಜಾತ್ರೆಗೆ ಹೋಗುವಾಗ ಅಜ್ಜಿ ಏನು ಮಾಡುತ್ತಾರೆ? ‘ಇವತ್ತು ಇಷ್ಟೇ’ ಅಂತ ಲೆಕ್ಕ ಹಾಕಿ ಅಷ್ಟನ್ನೇ ಸೆರಗಿಗೆ ಕಟ್ಟಿಕೊಂಡು, ಉಳಿದದ್ದನ್ನು ಮನೆಯಲ್ಲಿಟ್ಟು ಹೊರಡುತ್ತಾರೆ. ಜಾತ್ರೆಯ ಬಣ್ಣ, ಸದ್ದಿನ ನಡುವೆ ನಿಂತು ಮಿತಿ ಹಾಕಿಕೊಳ್ಳುವುದು ಕಷ್ಟ ಅಂತ ಅವರಿಗೆ ಗೊತ್ತು. ತಲೆ ತಣ್ಣಗಿರುವಾಗ ನಿರ್ಧರಿಸಿ, ತಲೆ ಬಿಸಿಯಾದಾಗ ಅದನ್ನು ಮುರಿಯಲಾಗದಂತೆ ಮಾಡುವುದು ಉಪಾಯ. ಜೂಜಿಗೆ ಕಾನೂನಿನ ಪರವಾನಗಿ ಇರುವ ದೇಶಗಳಲ್ಲಿ ಬಳಸುವ ತಡೆಗಳಲ್ಲಿ ಹೆಚ್ಚಿನವು ಇದೇ ತತ್ವದವು.

ಬ್ರಿಟನ್ನಿನ ಉದಾಹರಣೆ ನೋಡೋಣ. ಅಲ್ಲಿ ಆಟಗಾರರು ಖಾತೆಗೆ ದಿನಕ್ಕೋ ವಾರಕ್ಕೋ ಇಷ್ಟೇ ಹಣ ಹಾಕುವೆ ಅಂತ ಮೊದಲೇ ಮಿತಿ ಇಟ್ಟುಕೊಳ್ಳಬಹುದು. ಕೆಲವು ದಿನ ಆಟದಿಂದ ಬಿಡುವು ಪಡೆಯಬಹುದು. ‘ನನ್ನನ್ನು ಒಳಗೆ ಬಿಡಬೇಡಿ’ ಅಂತ ತಾವೇ ಬರೆದುಕೊಡುವ ವ್ಯವಸ್ಥೆಯೂ ಇದೆ. ಅದರ ಹೆಸರು ಗ್ಯಾಮ್‌ಸ್ಟಾಪ್. ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷಕ್ಕೆ ಹೆಸರು ನೋಂದಾಯಿಸಿದರೆ ಪರವಾನಗಿ ಇರುವ ಎಲ್ಲ ಆನ್‌ಲೈನ್ ಜೂಜು ಕಂಪನಿಗಳೂ ಅವರಿಗೆ ಬಾಗಿಲು ಹಾಕಬೇಕು. ಆರಿಸಿದ ಅವಧಿ ಮುಗಿಯುವವರೆಗೆ ಮನಸ್ಸು ಬದಲಾಯಿಸಿದರೂ ತೆರೆಯುವುದಿಲ್ಲ.

ಇವು ಆಟಗಾರರ ಇಚ್ಛೆಗೆ ಬಿಟ್ಟ ತಡೆಗಳು. ಚಟ ಹತ್ತಿದವರು ತಾವಾಗಿ ಮಿತಿ ಹಾಕಿಕೊಳ್ಳುವುದು ಕಷ್ಟ ತಾನೆ? ಆದ್ದರಿಂದ ಅಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮಗಳೂ ಬಂದವು. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ, ಅಂದರೆ ಸಾಲದ ಹಣದಲ್ಲಿ, ಜೂಜಾಡುವಂತಿಲ್ಲ. 2021ರಿಂದ ಆನ್‌ಲೈನ್ ಸ್ಲಾಟ್ ಆಟದಲ್ಲಿ ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡು ಹಿಡಿಯಬೇಕು, ತಾನೇ ಆಡುತ್ತಾ ಹೋಗುವ ಗುಂಡಿ ಇರಕೂಡದು, ಸೋಲಿಗೆ ಗೆಲುವಿನ ಸಂಗೀತ ಬಾರಿಸಕೂಡದು. 2025ರಿಂದ ಒಂದು ಸುತ್ತಿಗೆ ಐದು ಪೌಂಡಿಗಿಂತ ಹೆಚ್ಚು ಕಟ್ಟುವಂತಿಲ್ಲ. 18ರಿಂದ 24 ವರ್ಷದವರಿಗೆ ಮಿತಿ ಎರಡು ಪೌಂಡ್. ನಾವು ಮೇಲೆ ಲೆಕ್ಕ ಹಾಕಿದ ವೇಗ, ಮೊತ್ತ, ಸದ್ದು ಈ ಮೂರಕ್ಕೂ ಒಂದೊಂದು ಕಡಿವಾಣ ಬಿದ್ದಿದೆ ನೋಡಿ.

ಒಂದು ಮಾತು ಮರೆಯಬಾರದು. ಈ ತಡೆಗಳು ಆಟವನ್ನು ಲಾಭದ್ದಾಗಿ ಮಾಡುವುದಿಲ್ಲ. 96% ಹಾಗೆಯೇ ಇರುತ್ತದೆ. ಅವು ನಷ್ಟದ ವೇಗವನ್ನು ತಗ್ಗಿಸಿ, ಯೋಚಿಸಲು ಸಮಯ ಕೊಡುತ್ತವೆ ಅಷ್ಟೆ.

ನಮ್ಮಲ್ಲಿ ಹೇಗೆ?

ನಮ್ಮ ಶಾಲೆಗಳು ಹಲವು ರಾಜ್ಯಗಳಲ್ಲಿ ಹರಡಿವೆ, ಹಾಗಾಗಿ ನೀವು ಕಾಣುವುದೂ ಬೇರೆ ಬೇರೆ. ಕಾಸರಗೋಡಿನ ಪೇಟೆಯಲ್ಲಿ ಕೇರಳ ಸರ್ಕಾರದ ಲಾಟರಿ ಟಿಕೇಟು ಸಿಗುತ್ತದೆ. ಗೋವೆಯ ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗುಗಳಿವೆ. ತೆಲಂಗಾಣ 2017ರಲ್ಲಿ, ಆಂಧ್ರಪ್ರದೇಶ 2020ರಲ್ಲಿ, ತಮಿಳುನಾಡು 2022ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ತಮ್ಮದೇ ಕಾನೂನು ತಂದವು. ಆಮೇಲೆ ಇಡೀ ದೇಶಕ್ಕೆ ಒಂದು ಕಾನೂನು ಬಂತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು, ಅದೃಷ್ಟದ್ದಿರಲಿ ಕೌಶಲದ್ದಿರಲಿ, ಈ ಕಾಯ್ದೆ ನಿಷೇಧಿಸುತ್ತದೆ. ಇಂಥ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಆಗಬಹುದು. ಜಾಹೀರಾತು ಕೊಡುವುದೂ ಅಪರಾಧ. ಪಣವಿಲ್ಲದ ಆಟಗಳಿಗೆ, ಇ-ಸ್ಪೋರ್ಟ್ಸ್‌ಗೆ ಅಡ್ಡಿಯಿಲ್ಲ.

ಹಾಗಾದರೆ ಎಲ್ಲ ಮುಗಿಯಿತೇ? ಇಲ್ಲ. ಕಾನೂನು ತಪ್ಪಿಸಿ ನಡೆಯುವ ಆ್ಯಪ್‌ಗಳು ಲಿಂಕಿನ ಮೂಲಕ, ಟೆಲಿಗ್ರಾಂ ಗುಂಪಿನ ಮೂಲಕ ಬರುತ್ತವೆ. ಅವುಗಳಲ್ಲಿ ನಾವು ಮೇಲೆ ನೋಡಿದ ಯಾವ ಬ್ರೇಕೂ ಇಲ್ಲ. ಮಿತಿ ಇಲ್ಲ, ವಯಸ್ಸು ನೋಡುವವರಿಲ್ಲ, ಆಟ ನ್ಯಾಯವಾಗಿ ನಡೆಯುತ್ತಿದೆಯೇ ಅಂತ ಪರೀಕ್ಷಿಸುವವರಿಲ್ಲ. ಮೊದಲು ಇನ್ನೂರು ಮುನ್ನೂರು ಗೆಲ್ಲಿಸಿ ನಂಬಿಕೆ ಹುಟ್ಟಿಸಿ, ದೊಡ್ಡ ಮೊತ್ತ ತೆಗೆಯಲು ಹೋದಾಗ ‘ತೆರಿಗೆ ಕಟ್ಟಿ, ಆಮೇಲೆ ಕೊಡುತ್ತೇವೆ’ ಅನ್ನುವ ಮೋಸವೂ ಇದೆ. ‘ನಿನ್ನ ಬ್ಯಾಂಕ್ ಖಾತೆ ಒಂದು ತಿಂಗಳು ಕೊಡು, ಕಮಿಷನ್ ಕೊಡ್ತೀವಿ’ ಅಂತ ಯಾರಾದರೂ ಕೇಳಿದರೆ ಕೊಡಲೇಬೇಡಿ. ಜೂಜಿನ, ಮೋಸದ ಹಣ ಆ ಖಾತೆಯ ಮೂಲಕ ಸಾಗಿದರೆ ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ಆ್ಯಪ್‌ನಲ್ಲಿ ಬ್ರೇಕ್ ಇಲ್ಲದಿದ್ದರೆ ನಾವೇ ಹಾಕಬೇಕು

ಮನೆಯಲ್ಲಿ ಅಣ್ಣನೋ ಮಾವನೋ ಇದಕ್ಕೆ ಸಿಕ್ಕಿಬಿದ್ದಿದ್ದರೆ ಕೆಲವು ಗುರುತುಗಳು ಕಾಣುತ್ತವೆ. ರಾತ್ರಿಯೆಲ್ಲ ಫೋನ್, ಕೇಳಿದರೆ ಸಿಟ್ಟು. ಪದೇ ಪದೇ ಸಾಲ. ಎಷ್ಟು ಹೋಯಿತು ಅನ್ನುವುದರಲ್ಲಿ ಸುಳ್ಳು. ‘ಇದೊಂದು ಸಲ ವಸೂಲಾದರೆ ಬಿಟ್ಟುಬಿಡುತ್ತೇನೆ’ ಅನ್ನುವ ಮಾತು. ಮನೆಯ ಒಡವೆ, ಹಾಲಿನ ದುಡ್ಡು, ಶುಲ್ಕದ ಹಣ ಕಾಣೆಯಾಗುವುದು.

ಆಗ ಏನು ಮಾಡಬಹುದು?

ಮೊದಲನೆಯದು, ನೀವೊಬ್ಬರೇ ಹೊರೆ ಹೊರಬೇಡಿ. ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ: ಅಮ್ಮ, ಚಿಕ್ಕಪ್ಪ, ತರಗತಿಯ ಟೀಚರ್, ಯಾರಾದರೂ ಆಗಬಹುದು. ಹೇಳುವುದು ಚಾಡಿ ಅಲ್ಲ, ಜ್ವರ ಬಂದಿದೆ ಅಂತ ಹೇಳಿದ ಹಾಗೆ.

ಎರಡನೆಯದು, ಹಣದ ದಾರಿಗೆ ತಡೆ ಹಾಕಿಸುವುದು. ಇದು ಹಿರಿಯರು ಆ ವ್ಯಕ್ತಿಯ ಒಪ್ಪಿಗೆ ಪಡೆದು ಮಾಡಬೇಕಾದ ಕೆಲಸ. ಕಾರ್ಡಿನ ಆನ್‌ಲೈನ್ ಪಾವತಿಯನ್ನು ಬ್ಯಾಂಕಿನಲ್ಲಿ ನಿಲ್ಲಿಸಬಹುದು ಅಥವಾ ಮಿತಿ ಇಳಿಸಬಹುದು. ಫೋನಿನ ಯುಪಿಐಗೆ ಜೋಡಿಸಿದ ಖಾತೆಯಲ್ಲಿ ದಿನದ ಖರ್ಚಿನಷ್ಟೇ ಇಟ್ಟು, ಸಂಬಳವನ್ನು ಮನೆಯ ಬೇರೊಬ್ಬರ ಕೈಗೆ ಕೊಡಬಹುದು. ಆ್ಯಪ್ ತೆಗೆದು, ಅಂಥ ಗುಂಪುಗಳಿಂದ ಹೊರಬರುವುದೂ ಬೇಕು. ಅಜ್ಜಿಯ ಸೆರಗಿನ ಗಂಟೇ ಇದು.

ಮೂರನೆಯದು, ಸಾಲವನ್ನು ಗುಟ್ಟಾಗಿ ತೀರಿಸಿ ‘ಇನ್ನು ಆಡಬೇಡ’ ಅಂದರೆ ಸಾಲದು. ತಡೆ ಮತ್ತು ಚಿಕಿತ್ಸೆ ಇಲ್ಲದೆ ಬರೀ ಸಾಲ ತೀರಿದರೆ, ಮತ್ತೆ ಆಡಲು ಜಾಗ ಆದಂತೆ. ಎಷ್ಟು ಸಾಲ, ಯಾರಿಗೆ ಅನ್ನುವುದನ್ನು ಮನೆಯವರೆಲ್ಲ ಕೂತು ಬರೆದು ನೋಡುವುದು ಒಳ್ಳೆಯದು.

ನಾಲ್ಕನೆಯದು, ಸಹಾಯ ಕೇಳುವುದು. ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ. ಭಾಷೆ ಆರಿಸಿಕೊಳ್ಳುವ ಅವಕಾಶ ಇದೆ, ಅದರಲ್ಲಿ ಕನ್ನಡವೂ ಇದೆ. ಅಕ್ಕಲಕೋಟೆಯಲ್ಲಿರಲಿ, ತಾಳವಾಡಿಯಲ್ಲಿರಲಿ, ಮನಸ್ಸಿನ ಮಾತನ್ನು ಮನೆಯ ಭಾಷೆಯಲ್ಲೇ ಹೇಳಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಫೋನು, ಇಂಟರ್ನೆಟ್ಟಿನ ಅತಿ ಬಳಕೆಗೆಂದೇ 2014ರಿಂದ ಒಂದು ಚಿಕಿತ್ಸಾ ವಿಭಾಗ ಇದೆ. ಹಣ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳಿಗೇ ತೊಂದರೆಯಾಗಿದ್ದರೆ 1098.

‘ಹೇಳಿದರೆ ಪೊಲೀಸರು ಹಿಡಿಯುತ್ತಾರೆ’ ಅನ್ನುವ ಹೆದರಿಕೆ ಹಲವರಿಗೆ. 2025ರ ಕೇಂದ್ರ ಕಾಯ್ದೆಯಲ್ಲಿ ಬರೀ ಆಡಿದವರಿಗೆ ಶಿಕ್ಷೆ ಇಲ್ಲ. ಕೆಲವು ರಾಜ್ಯಗಳ ಕಾನೂನಿನಲ್ಲಿ ಆಡುವವರಿಗೂ ಶಿಕ್ಷೆ ಇದೆ, ಆದರೆ ವೈದ್ಯರ ಹತ್ತಿರ ಹೋಗುವುದು, ಆರೋಗ್ಯ ಸಹಾಯವಾಣಿಗೆ ಕರೆ ಮಾಡುವುದು ಎಲ್ಲೂ ಅಪರಾಧವಲ್ಲ. ಸಾಲದ ಭಾರದಲ್ಲಿ ಯಾರಾದರೂ ‘ಬದುಕಿ ಏನು ಪ್ರಯೋಜನ’ ಅನ್ನುವ ಮಾತಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಬ್ಬರನ್ನೇ ಬಿಡದೆ, ಕೂಡಲೇ ಹಿರಿಯರನ್ನು ಕರೆಯಿರಿ, 14416ಕ್ಕೆ ಫೋನ್ ಮಾಡಿ. ಹಣದ ನಷ್ಟ ತಡವಾಗಿಯಾದರೂ ತೀರುತ್ತದೆ. ಮನುಷ್ಯ ಉಳಿಯಬೇಕು.

ಯೋಚಿಸಿ, ಲೆಕ್ಕ ಹಾಕಿ

1. ದಾಳದ ಪ್ರಯೋಗದಲ್ಲಿ ಗೆದ್ದವರಿಗೆ 5ರ ಬದಲು 6 ಬೀಜ ಕೊಟ್ಟರೆ ಅಂಗಡಿಯ ಸರಾಸರಿ ಲಾಭ ಎಷ್ಟು? ಅಂಥ ಅಂಗಡಿಯನ್ನು ಯಾರಾದರೂ ತೆರೆಯುತ್ತಾರೆಯೇ?

2. 90% ಮರಳಿಸುವ ಆಟದಲ್ಲಿ ₹100ನ್ನು ಪೂರ್ತಿಯಾಗಿ ಎಷ್ಟು ಸಲ ಕಟ್ಟಿದರೆ ಸರಾಸರಿ ₹50ಕ್ಕಿಂತ ಕಡಿಮೆ ಉಳಿಯುತ್ತದೆ?

3. ನಾಣ್ಯವನ್ನು 100 ಸಲ ಚಿಮ್ಮಿ ಬರೆದುಕೊಳ್ಳಿ. ಒಂದೇ ಮುಖ ಸತತವಾಗಿ ಹೆಚ್ಚೆಂದರೆ ಎಷ್ಟು ಸಲ ಬಂತು? ಗೆಳೆಯರದಕ್ಕೆ ಹೋಲಿಸಿ.

4. ನಿಮ್ಮ ಮನೆಯಲ್ಲಿ ‘ಸೆರಗಿನ ಗಂಟಿ’ನಂಥ ಮಿತಿಗಳು ಯಾವುವು ಇವೆ? ಹಿರಿಯರನ್ನು ಕೇಳಿ ಎರಡು ಉದಾಹರಣೆ ಬರೆಯಿರಿ.